ಅಚ್ಚಿನ ಒಂದು ಸಾಲು

ಜನವರಿ 8

ಪೂಜ್ಯ ಕನ್ನಡಕದಜ್ಜನವರಿಗೆ,

ಕರ್ತನಲ್ಲಿ ವಂದನೆಗಳು. ನಿಮ್ಮ ನಿಜವಾದ ಹೆಸರು ಗೊತ್ತಿಲ್ಲ. ಪತ್ರಿಕೆಯಲ್ಲಿ ನೀವು ಹಾಕಿಕೊಳ್ಳುವ ಹೆಸರಿನಿಂದಲೇ ಕರೆದಿದ್ದೇನೆ, ತಪ್ಪಾಗಿದ್ದರೆ ಮನ್ನಿಸಿ.

ನಾವು ಕಿಟಕಿಗಳಿಗೆ ಗಾಜು ಕೂರಿಸುವವರು. ಕೆಳಗೆ ಅಂಗಡಿ, ಮೇಲೆ ಮನೆ. ನಮ್ಮವರು ಗಾಜು ಕೊಯ್ಯುತ್ತಾರೆ, ನಾನು ಅಂಚು ಉಜ್ಜುತ್ತೇನೆ. ಭಾನುವಾರ ಆರಾಧನೆ ಮುಗಿಸಿ ಬಂದವರು ಅಂಗಿಯನ್ನೂ ಬದಲಿಸದೆ ನಿಮ್ಮ ‘ಕೇಳಿದರೆ ಹೇಳುವೆ’ ಪುಟವನ್ನು ಸಾಲಿನ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದುತ್ತಾರೆ. ತಿಂಗಳಿಗೆ ಒಂದೇ ಸಂಚಿಕೆಯಾದ್ದರಿಂದ ಅದನ್ನೇ ನಾಲ್ಕು ಭಾನುವಾರವೂ ಓದುತ್ತಾರೆ. ಕೆಲಸ ಮಾಡಬಾರದ ಸಬ್ಬತ್ತಿನ ದಿನವೂ ಗುಂಡಿಗೆ ಬಿದ್ದ ಎತ್ತನ್ನು ಮೇಲೆತ್ತಬಹುದು ಎಂದು ಹೋದ ವರ್ಷ ನೀವು ಬರೆದಿರಿ. ಮರುವಾರ ಇವರು ಭಾನುವಾರದ ದಿನವೇ ಹೋಗಿ ಶಾಲೆಯ ಒಡೆದ ಕಿಟಕಿಗೆ ಗಾಜು ಹಾಕಿ ಬಂದರು. ನಮ್ಮತ್ತೆ ಬಾಯಿ ಮಾಡಿದರೆ “ಅಜ್ಜ ಹೇಳಿದ್ಮೇಲೆ ಮುಗೀತು” ಎಂದರು. ನೀವು ಅಚ್ಚಿನಲ್ಲಿ ಹೇಳಿದ್ದಕ್ಕೆ ನಮ್ಮ ಮನೆಯಲ್ಲಿ ಎರಡನೇ ಮಾತಿಲ್ಲ.

ನಮಗೆ ಒಬ್ಬಳೇ ಮಗಳು. ಮನೆಯಲ್ಲಿ ಅವಳನ್ನು ಮಿಣುಕಿ ಎನ್ನುತ್ತೇವೆ. ಅವಳಿಗೆ ಚಿಕ್ಕಂದಿನಿಂದ ಮೂರ್ಛೆ ಕಾಯಿಲೆ. ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಕೊಟ್ಟ ಮಾತ್ರೆ ಹಿಡಿದ ಮೇಲೆ ಎಲ್ಲ ಮಕ್ಕಳ ಹಾಗೆ ಓಡಾಡಿಕೊಂಡಿದ್ದಾಳೆ. ಒಂದು ಹೊತ್ತೂ ತಪ್ಪಿಸಬೇಡಿ, ತಟ್ಟನೆ ನಿಲ್ಲಿಸಿದರೆ ಜೀವಕ್ಕೇ ಬರುತ್ತದೆ ಎಂದು ಆಕೆ ಹೇಳಿದ್ದಾರೆ. ಈಗ ನಮ್ಮವರು ಒಂದು ಪ್ರಾರ್ಥನಾ ಕೂಟಕ್ಕೆ ಹೋಗಲು ಶುರುಮಾಡಿದ್ದಾರೆ. ಮೂರ್ಛೆ ಬಂದು ಬೆಂಕಿಗೂ ನೀರಿಗೂ ಬೀಳುತ್ತಿದ್ದ ಹುಡುಗನನ್ನು ಯೇಸುಸ್ವಾಮಿ ವಾಸಿಮಾಡಿದರಲ್ಲ, ಆ ಭಾಗವನ್ನು ಅಲ್ಲಿ ಓದಿ, ಮಾತ್ರೆ ನುಂಗಿಸುವವರಿಗೆ ನಂಬಿಕೆ ಇಲ್ಲ ಎಂದು ಹೇಳಿದ್ದಾರೆ. ಇವರು ಕೆಟ್ಟವರಲ್ಲ ಅಜ್ಜ. ಮಗಳೆಂದರೆ ಪ್ರಾಣ. ಅದಕ್ಕೇ ಭಯ. “ನನ್ನ ಅಪನಂಬಿಕೆಯೇ ಅವಳ ಕಾಯಿಲೆ ಕಣೇ” ಎಂದು ಅಳುತ್ತಾರೆ. ನಾನು ಹೇಳಿದರೆ ನಾಟುವುದಿಲ್ಲ. ನೀವು ಅಚ್ಚಿನಲ್ಲಿ ಒಂದೇ ಒಂದು ಸಾಲು, ಮಾತ್ರೆ ಕೊಡಬಹುದು ಎಂದು ಬರೆದರೆ ಸಾಕು. ನಾನು ಬರೆದೆನೆಂದು ಅವರಿಗೆ ತಿಳಿಯುವುದು ಬೇಡ. ಏನಾದರೂ ಬರೆಯುವುದಿದ್ದರೆ ಎದುರುಮನೆ ಟೈಲರಮ್ಮನ ವಿಳಾಸಕ್ಕೆ ಬರೆಯಿರಿ.

ಪ್ರಶ್ನೆಯನ್ನು ಕೊನೆಯಲ್ಲಿ ಗೆರೆ ಎಳೆದು ಒಂದೇ ವಾಕ್ಯದಲ್ಲಿ ಬರೆಯಬೇಕು, ಮನೆಯ ಸಂಗತಿ ಅದರಲ್ಲಿ ಬರಕೂಡದು ಎಂದು ಪತ್ರಿಕೆಯ ನಿಯಮವಿದೆ. ಆದ್ದರಿಂದ ಎಲ್ಲವನ್ನೂ ಮೇಲೆ ಹೇಳಿ, ಕೆಳಗೆ ಊರಿನವರ ಹಾಗೆ ಕೇಳಿದ್ದೇನೆ.

ಇಂತಿ,
ಗಾಜಿನಂಗಡಿಯವರ ಮನೆಯಾಕೆ

————————
ಪ್ರಶ್ನೆ: ಮೂರ್ಛೆಯ ಹುಡುಗನ ವಿಷಯದಲ್ಲಿ, ಈ ಬಗೆಯದು ಪ್ರಾರ್ಥನೆ ಉಪವಾಸಗಳಿಂದಲ್ಲದೆ ಹೋಗದು ಎಂದಿದೆಯಲ್ಲ, ಹಾಗಾದರೆ ಪ್ರಾರ್ಥಿಸುವವರು ಬೇರೆ ಯಾವುದನ್ನೂ ನೆಚ್ಚಬಾರದೇ?


ಜನವರಿ 29

ಪ್ರಿಯ ಸಹೋದರಿಗೆ,

ನಿಮ್ಮ ಪ್ರಶ್ನೆಯ ಚೀಟಿ ಬಂತು. ಬೆನ್ನಿಗೆ ಟೈಲರ್ ಅಂಗಡಿಯ ವಿಳಾಸ ನೋಡಿ ನಕ್ಕೆ. ಹೊಲಿಗೆಯವರಲ್ಲದೆ ಇಷ್ಟು ನವುರಾಗಿ ಎಳೆ ಹಿಡಿದು ಎಳೆಯುವವರು ಇನ್ಯಾರು! ಭಾನುವಾರದ ಶಾಲೆಯಲ್ಲಿ ಪಾಠವನ್ನೂ ಹೇಳುತ್ತೀರೆಂದು ನನ್ನ ಊಹೆ.

ನನಗೆ ಬರುವ ಪ್ರಶ್ನೆಗಳನ್ನು ನೀವು ನೋಡಬೇಕು. ಕಾಯಿನನಿಗೆ ಹೆಂಡತಿ ಎಲ್ಲಿಂದ ಬಂದಳು? ನೋಹನ ಹಡಗಿನಲ್ಲಿ ಗೆದ್ದಲು ಇತ್ತೇ, ಇದ್ದರೆ ಹಡಗು ಹೇಗೆ ಉಳಿಯಿತು? ಸ್ವರ್ಗದಲ್ಲಿ ನನ್ನ ಮೊದಲ ಗಂಡ ಸಿಗುತ್ತಾನೋ ಎರಡನೆಯವನೋ, ಮೊದಲನೆಯವನು ಬೇಡ! ಇಂಥವುಗಳ ನಡುವೆ ನಿಮ್ಮದು ಕೈಗೆ ಸಿಕ್ಕಾಗ ನನ್ನ ಕನ್ನಡಕವೇ ಹೊಳೆಯಿತು.

ನಾನು ವಾಡಿಕೆಯಂತೆ ಯಾರಿಗೂ ಖಾಸಗಿಯಾಗಿ ಬರೆಯುವುದಿಲ್ಲ. ಸಂತೋಷಕ್ಕೆ ಬರೆದಿದ್ದೇನೆ. ಮಾರ್ಚ್ ಸಂಚಿಕೆಗೆ ಕೊಟ್ಟ ಉತ್ತರದ ಪ್ರತಿ ಇದು:

“ಆ ಹುಡುಗನನ್ನು ವಾಸಿಮಾಡಲು ಹೋಗಿ ಶಿಷ್ಯರು ಸೋತದ್ದೇಕೆ? ನಿನ್ನೆ ಮಾಡಿದ ಅದ್ಭುತಗಳ ಅಹಂಕಾರ ಅವರ ತಲೆಗೆ ಏರಿತ್ತು. ಬಾಯಲ್ಲಿ ದೇವರು, ಮನಸ್ಸಿನಲ್ಲಿ ತಮ್ಮ ಕೈಚಳಕ. ಎರಡು ದೋಣಿಯ ಮೇಲೆ ಕಾಲಿಟ್ಟವನು ದಡ ಸೇರುವುದಿಲ್ಲ. ಪ್ರಾರ್ಥಿಸುವವನು ಒಂದನ್ನೇ ನೆಚ್ಚಲಿ, ಇನ್ನೊಂದನ್ನು ಬಿಡಲಿ.”

ಹೇಗಿದೆ? ದೋಣಿಯ ಮಾತು ಬರೆಯುವಾಗ ತಾನಾಗಿ ಬಂತು.

ನಿಮ್ಮ,
ಕನ್ನಡಕದಜ್ಜ


ಫೆಬ್ರವರಿ 5

ಪೂಜ್ಯ ಅಜ್ಜನವರಿಗೆ,

ನಿಮ್ಮ ಪತ್ರವನ್ನು ಟೈಲರಮ್ಮನ ಅಂಗಡಿಯಲ್ಲೇ ನಿಂತು ಓದಿದೆ. ನಾನು ಬರೆದದ್ದನ್ನು ನೀವು ಓದಿದಿರೋ ಇಲ್ಲವೋ? ನಾನು ಹೊಲಿಗೆಯವಳಲ್ಲ, ಪಾಠ ಹೇಳುವವಳೂ ಅಲ್ಲ. ನನ್ನ ಮಗಳ ಮಾತ್ರೆಯ ವಿಷಯ ಬರೆದಿದ್ದೆ. ಈ ದೋಣಿಯ ಮಾತು ನಮ್ಮವರ ಬಾಯಿಗೆ ಸಿಕ್ಕರೆ ಮಾತ್ರೆಯೇ ಎರಡನೇ ದೋಣಿಯಾಗುತ್ತದೆ. ಕೈ ಮುಗಿದು ಕೇಳುತ್ತೇನೆ, ಅದನ್ನು ಅಚ್ಚು ಹಾಕಿಸಬೇಡಿ. ಆಗಲೇ ಹೋಗಿದ್ದರೆ ವಾಪಸು ತರಿಸಿ.

ನಿಮ್ಮ ಮನೆ ವಿಳಾಸ ಪತ್ರದಲ್ಲಿಲ್ಲ. ಪತ್ರಿಕೆಯ ಕಚೇರಿಗೇ ಹಾಕುತ್ತಿದ್ದೇನೆ. ಪ್ರಶ್ನೆ ಇಲ್ಲದ ಪತ್ರವನ್ನು ಮುಂದಕ್ಕೆ ಕಳಿಸುವುದಿಲ್ಲವಂತೆ, ಅದಕ್ಕೆ ಕೆಳಗೆ ಒಂದು ಕೇಳಿದ್ದೇನೆ.

ಗಾಜಿನಂಗಡಿಯವರ ಮನೆಯಾಕೆ

————————
ಪ್ರಶ್ನೆ: ದೇವರನ್ನು ನಂಬಿದವರು ಕಾಯಿಲೆಗೆ ಔಷಧಿ ತೆಗೆದುಕೊಳ್ಳಬಹುದೇ?


ಮಾರ್ಚ್ 12

ಪ್ರಿಯ ಸಹೋದರಿಗೆ,

ತಡವಾಯಿತು, ಬೇಸರಿಸಬೇಡಿ. ಪಾದ್ರಿಗಳ ತರಬೇತಿ ಶಾಲೆಯಲ್ಲಿ ಮೊದಲು ಗ್ರೀಕ್ ಕಲಿಸುತ್ತಿದ್ದೆ. ನಿವೃತ್ತನಾದರೂ ಪರೀಕ್ಷೆ ನಡೆಸಲು ನನ್ನನ್ನೇ ಕರೆಯುತ್ತಾರೆ. ಹೋಗಿ ಬಂದು ನೋಡಿದರೆ ಮೇಜಿನ ಮೇಲೆ ಚೀಟಿಗಳ ರಾಶಿ. ಅದರಲ್ಲಿ ಮತ್ತೆ ನಿಮ್ಮದು!

ಈ ಸಲದ್ದು ಸುಲಭ, ಸ್ವಲ್ಪ ನಿರಾಸೆಯೇ ಆಯಿತು. ಧಾರಾಳವಾಗಿ ತೆಗೆದುಕೊಳ್ಳಬಹುದು ತಾಯಿ. ಲೂಕನೇ ವೈದ್ಯನಾಗಿದ್ದ. ಪೌಲನು ತಿಮೊಥೆಯನ ಹೊಟ್ಟೆನೋವಿಗೆ ಮದ್ದು ಹೇಳಲಿಲ್ಲವೇ? ನನಗೇ ಬೆಳಿಗ್ಗೆ ರಕ್ತದೊತ್ತಡದ ಮಾತ್ರೆ ನುಂಗದಿದ್ದರೆ ದೇವರ ಸ್ತೋತ್ರ ಬಾಯಿಗೆ ಬರುವುದಿಲ್ಲ. ಏಪ್ರಿಲ್ ಸಂಚಿಕೆಗೆ ಉತ್ತರ ಬರೆಯುತ್ತೇನೆ. ನಿಮಗೇನಾದರೂ ನೆಗಡಿಯೇ? ಕಷಾಯ ಕುಡಿದು ಬೆಚ್ಚಗೆ ಮಲಗಿ.

ಇನ್ನು ಮುಂದೆ ಕಚೇರಿಗೆ ಸುತ್ತು ಹಾಕಬೇಡಿ. ನನ್ನ ಮನೆಯ ವಿಳಾಸ ಮೇಲೆ ಬರೆದಿದ್ದೇನೆ.

ನಿಮ್ಮ,
ಕನ್ನಡಕದಜ್ಜ


ಮಾರ್ಚ್ 17

ಅಜ್ಜ,

ನೆಗಡಿಯಲ್ಲ. ಮೊದಲಿನಿಂದ ಹೇಳುತ್ತೇನೆ, ಈ ಸಲವಾದರೂ ಓದಿ.

ನನ್ನ ಮಗಳಿಗೆ ಮೂರ್ಛೆ ಕಾಯಿಲೆ. ಅವಳನ್ನು ನೆಟ್ಟಗೆ ನಿಲ್ಲಿಸಿರುವುದು ಮಾತ್ರೆ. ಮಾರ್ಚ್ ಸಂಚಿಕೆ ಬಂದ ಭಾನುವಾರ ನಮ್ಮವರು ನಿಮ್ಮ ಉತ್ತರವನ್ನು ಓದಿದರು. ದೋಣಿಯ ಸಾಲು ಬಂದಾಗ ಬೆರಳು ಅಲ್ಲೇ ನಿಂತಿತು. ಮತ್ತೆ ಓದಿದರು. ಆಮೇಲೆ ಎದ್ದು ಮಾತ್ರೆಯ ಡಬ್ಬಿಯನ್ನು ಮೋರಿಗೆ ಸುರಿದು ಬಂದು, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅತ್ತರು. “ಇಷ್ಟ್ ದಿನ ನಾನೇ ನಿನ್ನ ಹಿಡಿದಿಟ್ಟಿದ್ದೆ ಮಿಣುಕಿ, ಇನ್ನು ಬಿಟ್ಟೆ” ಎಂದರು. ಬೈದಿದ್ದರೆ, ಹೊಡೆದಿದ್ದರೆ ನಾನೂ ಎದುರು ನಿಲ್ಲುತ್ತಿದ್ದೆ. ಅಳುವ ಗಂಡಸಿನ ಮುಂದೆ ಏನು ಮಾಡಲಿ?

ನಾನು ಅದೇ ಮಾತ್ರೆಯನ್ನು ಮತ್ತೆ ತಂದು ಹಾಲಿನಲ್ಲಿ ಅರೆದು ಕೊಡುತ್ತಿದ್ದೆ. ಹಾಲು ಕಹಿ ಎಂದಳು. ಗುಟ್ಟು ಹೇಳಿ, ಅಪ್ಪನಿಗೆ ಹೇಳಬೇಡ ಎಂದೆ. ಎರಡು ದಿನ ಸುಮ್ಮನಿದ್ದಳು. ಮೂರನೆಯ ದಿನ ಅಪ್ಪನ ಮುಂದೆ ಹೋಗಿ ನಿಂತು, “ಅಪ್ಪಾ, ನಾನು ಮಾತ್ರೆ ಕುಡೀತಿದ್ದೀನಿ. ಹೇಳ್ದೇ ಇದ್ರೆ ಸುಳ್ಳು ಹೇಳ್ದಂಗೆ ಅಲ್ವಾ?” ಎಂದಳು. ಹತ್ತು ಆಜ್ಞೆ ಬಾಯಿಪಾಠ ಮಾಡಿಸಿದವಳು ನಾನೇ. ಈಗ ಅವಳ ಹಾಲನ್ನು ಅವರೇ ಕಾಸಿ ಕೊಡುತ್ತಾರೆ.

ಮೊನ್ನೆ ಶಾಲೆಯಲ್ಲಿ ಮೂರ್ಛೆ ಬಂತು. ನಾಲಿಗೆ ಕಚ್ಚಿಕೊಂಡಿದ್ದಾಳೆ. ಇದು ದೇವರು ನಮ್ಮನ್ನು ಪರೀಕ್ಷಿಸುವ ಕಾಲ, ದಾಟಬೇಕು ಎನ್ನುತ್ತಾರೆ ಇವರು.

ನಿಮ್ಮ ಹನ್ನೆರಡನೇ ತಾರೀಕಿನ ಪತ್ರವನ್ನು ಧೈರ್ಯ ಮಾಡಿ ತೋರಿಸಿದೆ. ನಾನೇ ಬರೆದು ಕೇಳಿದೆ ಎಂದೂ ಒಪ್ಪಿಕೊಂಡೆ. ಅವರು ತಿರುಗಿಸಿ ನೋಡಿ, “ಇದು ಕೈಬರಹ. ಅಜ್ಜ ಅಂತ ಯಾರು ಬೇಕಾದ್ರೂ ಬರೀಬಹುದು. ಅಚ್ಚಲ್ಲಿ ಬರ್ಲಿ, ಆಗ ನೋಡೋಣ” ಎಂದರು. ಬರಲಿ ಎಂದರಲ್ಲ ಅಜ್ಜ, ಅಷ್ಟಾದರೂ ಬಾಗಿಲು ತೆರೆದಿದೆ. ಏಪ್ರಿಲ್ ಸಂಚಿಕೆಯಲ್ಲಿ ಕಡ್ಡಿ ಮುರಿದ ಹಾಗೆ ಹೇಳಿ. ಸಾಧ್ಯವಾದರೆ ನೀವೇ ಬಂದುಬಿಡಿ.


ಮಾರ್ಚ್ 22

ಮಗಳೇ,

ನಿನ್ನ ಪತ್ರವನ್ನು ಓದಿ ನನಗೆ ಕೂರಲಾಗಲಿಲ್ಲ. ನಾನು ನಿನ್ನ ಮೊದಲಿನ ಎರಡು ಪತ್ರಗಳನ್ನು ನೋಡಿಯೇ ಇಲ್ಲ. ಕಚೇರಿಯವರು ಗೆರೆಯ ಕೆಳಗಿನದನ್ನು ಕತ್ತರಿಯಿಂದ ಕತ್ತರಿಸಿ, ಬೆನ್ನಿಗೆ ವಿಳಾಸ ಬರೆದು ಅಷ್ಟನ್ನೇ ಕಳಿಸುತ್ತಾರೆ. ಮೇಲಿನದು ರದ್ದಿಗೆ ಹೋಗುತ್ತದೆ. ಜನರ ಗೋಳು ಕೇಳುತ್ತ ಕೂತರೆ ವಾಕ್ಯದ ಅರ್ಥ ಮಂಜಾಗುತ್ತದೆ ಎಂದು ಹಾಗೆ ಏರ್ಪಾಡು ಮಾಡಿಸಿದವನು ನಾನೇ.

ಮುದ್ರಣಾಲಯಕ್ಕೆ ಹೋಗಿ ಬಂದೆ. ಏಪ್ರಿಲ್ ಉತ್ತರ ಸ್ಪಷ್ಟವಾಗಿದೆ. ಮದ್ದು ದೇವರ ಕೊಡುಗೆ, ತೆಗೆದುಕೊಳ್ಳುವುದು ಅಪನಂಬಿಕೆಯಲ್ಲ ಎಂದಿದೆ. ನಂಬಿಕೆಯಿಂದ ಗುಣವಾದೆವೆನ್ನುವ ಚಂದಾದಾರರೂ ಬಹಳ ಇರುವುದರಿಂದ ಪತ್ರಿಕೆಯ ಮಂಡಳಿಯವರು ಕೊನೆಗೆ ಒಂದು ವಾಕ್ಯ ಸೇರಿಸಿದ್ದಾರೆ. ಅದರಿಂದ ಅರ್ಥಕ್ಕೆ ಕುಂದಿಲ್ಲ ಎಂದು ನನ್ನ ಎಣಿಕೆ.

ಮೊಣಕಾಲು ನೋವು, ರೈಲಿನಲ್ಲಿ ಅಷ್ಟು ದೂರ ಕೂರಲಾರೆ. ಇಲ್ಲದಿದ್ದರೆ ಬರುತ್ತಿದ್ದೆ. ನಿಮ್ಮ ಚರ್ಚಿನ ಸಭಾಪಾಲಕರನ್ನು ಕಾಣು. ಅದಕ್ಕೂ ಮೊದಲು ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗು, ಯಾರ ಅಪ್ಪಣೆಗೂ ಕಾಯಬೇಡ.

ಕನ್ನಡಕದಜ್ಜ


ಏಪ್ರಿಲ್ 7

ಅಜ್ಜನವರಿಗೆ,

ಸಭಾಪಾಲಕರನ್ನು ಕಂಡೆ. ಗಂಡಹೆಂಡಿರ ನಡುವೆ ಬಂದರೆ ಮನೆ ಒಡೆಯುತ್ತದಮ್ಮ ಎಂದರು. ಮಗಳನ್ನು ಆಸ್ಪತ್ರೆಗೆ ಹೊರಡಿಸಿದರೆ ಅವಳೇ ಬರುವುದಿಲ್ಲ. ಅಪ್ಪನಿಗೆ ಬೇಜಾರಾಗುತ್ತೆ ಎನ್ನುತ್ತಾಳೆ. ಹೊತ್ತುಕೊಂಡು ಹೋಗುವಷ್ಟು ಚಿಕ್ಕವಳೂ ಅಲ್ಲ. ಏಪ್ರಿಲ್ ಸಂಚಿಕೆಗಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ.

ಬಂತು. ನಮ್ಮವರು ಮೊದಲ ಸಾಲು ಓದಿದಾಗ ಅವರ ಮುಖ ಇಳಿಯಿತು. ನನ್ನ ಕಡೆ ನೋಡಿದರು. ಗೆದ್ದೆ ಎಂದುಕೊಂಡೆ. ನಿಜಕ್ಕೂ ಅಂಗಿಯ ಜೇಬು ತಡವಿ, ಔಷಧದ ಅಂಗಡಿ ತೆರೆದಿರುತ್ತಾ ಎಂದು ಕೇಳಿದರು. ನಾನು ಚಪ್ಪಲಿ ಮೆಟ್ಟಿಕೊಂಡೆ. ಅಷ್ಟರಲ್ಲಿ ಅವರ ಬೆರಳು ಕೊನೆಯ ಸಾಲಿಗೆ ಬಂತು.

“ಆದರೂ, ದೃಢವಾದ ನಂಬಿಕೆಯಿಂದ ಔಷಧಿಯನ್ನು ಬಿಟ್ಟವರನ್ನು ಹೀಗಳೆಯುವ ಅಧಿಕಾರ ನಮಗಿಲ್ಲ. ಅವರ ಪಾಲಿನ ಕೃಪೆ ದೊಡ್ಡದು.”

“ನೋಡ್ದ್ಯಾ? ಔಷಧಿ ಬೇಕು ಅನ್ನೋರು ತಗೋಬಹುದು. ಬಿಟ್ಟೋರ್ದು ದೊಡ್ಡ ಕೃಪೆ. ಇಷ್ಟು ದೂರ ಬಂದು ಈಗ ಚಿಕ್ಕದಕ್ಕೆ ಯಾಕೆ ವಾಪಸ್ ಹೋಗ್ಬೇಕು?” ಎಂದು ಪತ್ರಿಕೆಯನ್ನು ಮಡಚಿಟ್ಟರು. ನಾನು ಚಪ್ಪಲಿ ಬಿಟ್ಟೆ.

ಅಡ್ಡಗೋಡೆಯ ಮೇಲೆ ದೀಪ ಇಟ್ಟಿರಿ ಅಜ್ಜ. ಎರಡು ಕಡೆಯವರಿಗೂ ಬೆಳಕಾಗಲಿ ಎಂದು ಇಟ್ಟಿರಬೇಕು. ನನ್ನ ಮಗಳಿರುವ ಕಡೆ ಕತ್ತಲೆ.

ಸೋಮವಾರ ನಮ್ಮವರು ಹೊರಗೆ ಕೆಲಸಕ್ಕೆ ಹೋಗುತ್ತಾರೆ. ಅಕ್ಕನ ಊರಿಗೆ ಮದುವೆ ಸೀರೆ ನೋಡಲು ಹೋಗೋಣ ಎಂದು ಮಗಳಿಗೆ ಸುಳ್ಳು ಹೇಳಿ ಬಸ್ಸು ಹತ್ತಿಸುತ್ತೇನೆ. ಅಲ್ಲಿಂದ ನೇರವಾಗಿ ದೊಡ್ಡಾಸ್ಪತ್ರೆಗೆ. ಸುಳ್ಳಿನ ಪಾಪ ನನಗಿರಲಿ.


ಏಪ್ರಿಲ್ 18

ಮಗಳೇ,

ಹೋದೆಯಾ? ಡಾಕ್ಟರು ಏನೆಂದರು? ಒಂದು ಕಾರ್ಡು ಹಾಕು. ಅಕ್ಕನ ಮನೆಯಲ್ಲಿರಬಹುದು ಎಂದುಕೊಂಡು ಸಮಾಧಾನ ಮಾಡಿಕೊಂಡಿದ್ದೇನೆ. ನಿನ್ನ ಸಿಟ್ಟು ನ್ಯಾಯವಾದದ್ದು. ಕಚೇರಿಯವರಿಗೆ ಇನ್ನು ಪತ್ರಗಳನ್ನು ಇಡಿಯಾಗಿ ಕಳಿಸಿ ಎಂದು ಹೇಳಿದ್ದೇನೆ. ಬರತೊಡಗಿವೆ. ಒಂದೊಂದು ಓದುವಷ್ಟರಲ್ಲಿ ಹೊತ್ತು ಹೋಗುತ್ತದೆ. ಹಡಗಿನ ಗೆದ್ದಲಿನ ಬಗ್ಗೆ ಕೇಳಿದವನು ಮರದ ಮಿಲ್ಲಿನಲ್ಲಿ ಕೆಲಸ ಕಳೆದುಕೊಂಡವನಂತೆ.

ಅಜ್ಜ


ಮೇ 4

ಮಗಳೇ,

ಉತ್ತರವಿಲ್ಲ. ಟೈಲರಮ್ಮನಿಗೂ ಒಂದು ಕಾಗದ ಹಾಕಿದ್ದೇನೆ. ಮಿಣುಕಿ ಹೇಗಿದ್ದಾಳೆ ಎಂಬಷ್ಟನ್ನು ಬರೆದರೆ ಸಾಕು. ಬೈದು ಬರೆದರೂ ಸರಿಯೇ.

ಅಜ್ಜ


ಮೇ 19

ಅಜ್ಜನವರಿಗೆ,

ಮಿಣುಕಿ ಇಲ್ಲ.

ಸೋಮವಾರ ಹೊರಡಬೇಕೆಂದಿದ್ದೆನಲ್ಲ, ಶನಿವಾರ ಬೆಳಿಗ್ಗೆಯೇ ಆಯಿತು. ಅಪ್ಪ ಉಪವಾಸ ಹಿಡಿದಿದ್ದಾರೆಂದು ಅವಳೂ ತಿಂಡಿ ಬೇಡ ಎಂದಳು. ತಲೆ ಬಾಚುತ್ತಿದ್ದೆ. ಒಂದು ಜಡೆ ಹೆಣೆದಾಗಿತ್ತು. ಮೂರ್ಛೆ ಬಂತು, ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಬಂತು. ಆಮೇಲೆ ನಿಲ್ಲಲೇ ಇಲ್ಲ. ನಮ್ಮವರು ಅವಳನ್ನು ಎತ್ತಿಕೊಂಡು ಮೆಟ್ಟಿಲಿಳಿದು ರಸ್ತೆಗೆ ಓಡಿ, ಸಿಕ್ಕಿದ ವ್ಯಾನಿಗೆ ಅಡ್ಡ ನಿಂತರು. ಆಸ್ಪತ್ರೆಯಲ್ಲಿ ಡಾಕ್ಟರಮ್ಮನ ಕಾಲು ಹಿಡಿದು, “ಮಾತ್ರೆ ಕೊಡಿ, ಸೂಜಿ ಚುಚ್ಚಿ, ಏನ್ ಬೇಕಾದ್ರೂ ಕೊಡಿ” ಎಂದು ಕೂಗಿದವರು ಅವರೇ. ನಾನಲ್ಲ. ಆಕೆ ಎಲ್ಲವನ್ನೂ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಮುಗಿದುಹೋಯಿತು.

ನನ್ನ ಹೊಟ್ಟೆಯಲ್ಲಿರುವ ಬೆಂಕಿಯನ್ನು ಯಾರ ಮೇಲೆ ಸುರಿಯಲಿ? ನಿಮ್ಮ ಮೇಲೆ ಸುರಿಯೋಣವೆಂದು ಎಷ್ಟೋ ಸಲ ಕೂತೆ. ನನ್ನ ಮೇಲೂ ಸುರಿದುಕೊಂಡೆ. ಜನವರಿಯಲ್ಲೇ ಅಕ್ಕನ ಊರಿನ ಬಸ್ಸು ಇತ್ತು. ಅಚ್ಚಿನ ಒಂದು ಸಾಲಿಗೆ ಕಾಯುತ್ತ ಕೂತವಳು ನಾನು.

ಈಗ ಬರೆಯುತ್ತಿರುವುದು ನನಗಾಗಿ ಅಲ್ಲ. ನಮ್ಮವರು ಅಂಗಡಿ ತೆರೆಯುವುದಿಲ್ಲ. ಕೂಟದವರು ಬಂದು, ದೇವರು ಕೊಟ್ಟ ದೇವರು ತಕ್ಕೊಂಡ ಎಂದರು. ಇವರು ಬಾಗಿಲು ಹಾಕಿಕೊಂಡರು. ದಿನವೂ ನನ್ನನ್ನು ಒಂದೇ ಕೇಳುತ್ತಾರೆ: “ಅಜ್ಜನ್ನ ಕೇಳು, ನಾನು ಕೊಂದ್ನಾ?” ನೀವು ಇಲ್ಲ ಎಂದರೆ ನಾನು ಈ ಮನೆಯಲ್ಲಿ ಇರಲಾರೆ. ಹೌದು ಎಂದರೆ ಅವರು ಈ ಲೋಕದಲ್ಲೇ ಇರಲಾರರು. ಆದರೂ ಕೇಳಿದ್ದಾರೆ, ನಿಮಗೆ ಮುಟ್ಟಿಸಿದ್ದೇನೆ. ಉತ್ತರವನ್ನು ಅಚ್ಚು ಹಾಕಿಸಬೇಡಿ.


ಮೇ 25

ಮಗಳೇ,

ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎಂದು ಎಷ್ಟು ಜನರಿಗೆ ಬರೆದಿದ್ದೇನೋ. ಅಳುತ್ತಿದ್ದೇನೆ ಎಂದು ಬರೆದರೆ ಅದನ್ನೂ ನೀನೇ ಹೊರಬೇಕಾಗುತ್ತದೆ. ಆದ್ದರಿಂದ ಬೇಡ.

ಒಂದು ಮಾತು ನಿನಗೆ ತಿಳಿಯಲೇಬೇಕು. ಏಪ್ರಿಲ್‌ನ ಕೊನೆಯ ವಾಕ್ಯವನ್ನು ಮಂಡಳಿ ಸೇರಿಸಿತು ಎಂದು ಬರೆದಿದ್ದೆ. ಅದು ಸುಳ್ಳು. ಅದನ್ನು ಬರೆದವನು ನಾನು. ನಿನ್ನ ಮಗಳ ವಿಷಯ ತಿಳಿಯುವ ಮೊದಲೇ ಬರೆದಿದ್ದೆ, ತಿಳಿದ ಮೇಲೆ ಮುದ್ರಣಾಲಯಕ್ಕೆ ಹೋದೆ. ಅಚ್ಚಿನ ಮೊಳೆ ಇನ್ನೂ ಬಿಗಿದಿರಲಿಲ್ಲ, ಆ ವಾಕ್ಯ ತೆಗೆಸಬಹುದಿತ್ತು. ಒಳ್ಳೆಯ ವಾಕ್ಯ, ಎಲ್ಲರೂ ಮೆಚ್ಚುತ್ತಾರೆ ಅನ್ನಿಸಿತು. ಬಿಟ್ಟು ಬಂದೆ. ಮೊಣಕಾಲಿಗೂ ಏನೂ ಆಗಿರಲಿಲ್ಲ. ನಿನ್ನ ಗಂಡನ ಮುಂದೆ ನಿಂತು ಮಾತಾಡುವ ಧೈರ್ಯವಿರಲಿಲ್ಲ.

ಅವರ ಪ್ರಶ್ನೆಗೆ ಕಾಗದದಲ್ಲಿ ಉತ್ತರ ಕೊಡಲಾರೆ. ಎದುರು ಕೂತು ಹೇಳುತ್ತೇನೆ. ಮಾತ್ರೆ ನಿಲ್ಲಿಸಿದ ಕೈ ನಿಮ್ಮದು, ನಿಲ್ಲಿಸು ಎಂದ ಬಾಯಿ ನನ್ನದು ಎಂದು ಹೇಳುತ್ತೇನೆ. ಹೌದು ಎನ್ನುವುದಾದರೆ ಇಬ್ಬರಿಗೂ ಸೇರಿ ಹೌದು. ಆಮೇಲೆ ಅವರು ಹೊಡೆದರೆ ಹೊಡೆಸಿಕೊಳ್ಳುತ್ತೇನೆ, ಅತ್ತರೆ ಪಕ್ಕದಲ್ಲಿ ಕೂರುತ್ತೇನೆ. ಅವರೊಬ್ಬರೇ ಅದನ್ನು ಹೊತ್ತುಕೊಂಡಿರಲು ಬಿಡುವುದಿಲ್ಲ. ನೀನು ಬೇಡ ಎಂದರೆ ನಿಲ್ಲುತ್ತೇನೆ. ಬಾ ಎಂದರೆ ಪತ್ರ ಸಿಕ್ಕ ದಿನವೇ ರೈಲು ಹತ್ತುತ್ತೇನೆ.

ಕೆಳಗೆ ನನ್ನ ನಿಜವಾದ ಹೆಸರು ಹಾಕಿದ್ದೇನೆ.


ಜೂನ್ 1

ಅಜ್ಜನವರಿಗೆ,

ನಿಮ್ಮ ಪತ್ರವನ್ನು ನಮ್ಮವರಿಗೆ ಪೂರ್ತಿಯಾಗಿ ಓದಿ ಹೇಳಿದೆ. ಸುಳ್ಳಿನ ಭಾಗವನ್ನೂ ಬಿಡಲಿಲ್ಲ. ನನಗೆ ನಿಮ್ಮ ಮುಖ ನೋಡುವುದಕ್ಕಿಂತ ಬಾಗಿಲು ಹಾಕಿಕೊಳ್ಳುವುದು ಸುಲಭವಿತ್ತು. ಬೇಡ ಎಂದು ಬರೆಯಲು ಕೂತಿದ್ದೆ.

ಸಂಜೆ ಅವರು ತಾವಾಗಿ ಮಾತಾಡಿದರು. ಎಷ್ಟೋ ದಿನಕ್ಕೆ ಆ ಒಂದು ಪ್ರಶ್ನೆ ಬಿಟ್ಟು ಬೇರೆ ಮಾತು.

“ವಯಸ್ಸಾದೋರು. ಬಂದ್ರೆ ಎಲ್ಲಿ ಮಲಗಿಸೋದು?”

ನಮ್ಮ ಮನೆಯಲ್ಲಿ ಇನ್ನೊಂದು ಹಾಸಿಗೆಯಿದೆ. ಆ ಶನಿವಾರ ಬೆಳಿಗ್ಗೆ ಅವಳು ಎದ್ದುಹೋದ ಹಾಗೇ ಇದೆ, ಹೊದಿಕೆ ಒಂದು ಬದಿಗೆ ಸರಿದಿದೆ. ಇದುವರೆಗೆ ನಾವಿಬ್ಬರೂ ಅದನ್ನು ಮುಟ್ಟಿಲ್ಲ.

ಬನ್ನಿ. ಇವತ್ತು ಮಡಚುತ್ತೇನೆ.